ಹಳೇ ಬ್ಯಾಂಡು ಹೊಸ ಹಾಡು ಕಟ್ಟುವುದು ಹೇಗೆ: ಕಾರವಾರದ ಒಬ್ಬ ಬೇಸ್ ಗಿಟಾರಿನವನ ಮಾತು

ಇಪ್ಪತ್ತು, ಮೂವತ್ತು ವರ್ಷದಿಂದ ಒಟ್ಟಿಗೆ ನುಡಿಸುತ್ತಿರುವ ಬ್ಯಾಂಡುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮದು ಕಾರವಾರ ಇರಲಿ, ಅಂಕೋಲಾ, ಕುಮಟಾ, ಶಿರಸಿ ಎಲ್ಲೇ ಇರಲಿ, ಪರಿಸ್ಥಿತಿ ಹೆಚ್ಚು ಕಡಿಮೆ ಒಂದೇ. ಚೌತಿಯ ಪೆಂಡಾಲಿನಲ್ಲಿ, ಮದುವೆಯ ರಿಸೆಪ್ಷನ್ನಿನಲ್ಲಿ, ಚರ್ಚಿನ ಫೆಸ್ತಿನಲ್ಲಿ ಜನ ಹಳೇ ಹಾಡನ್ನೇ ಕೇಳುತ್ತಾರೆ. ನೀವೂ ಅದನ್ನೇ ನುಡಿಸುತ್ತೀರಿ. ಚಪ್ಪಾಳೆ ಬರುತ್ತದೆ, ದುಡ್ಡೂ ಬರುತ್ತದೆ. ಆದರೂ ಒಳಗೆ ಒಂದು ಹೊಸ ಹಾಡು ಕೊರೆಯುತ್ತಲೇ ಇರುತ್ತದೆ ಅಲ್ವಾ? ಅದನ್ನು ಹೊರಗೆ ತರುವ ದಾರಿ ಇಲ್ಲಿದೆ.

ನಾನು ಕೋಡಿಬಾಗದವನು. ಹಗಲು ಮೋಟಾರ್ ರಿವೈಂಡಿಂಗ್ ಅಂಗಡಿ, ಸಂಜೆ ಬೇಸ್ ಗಿಟಾರ್. ನಮ್ಮ ಡ್ರಮ್ಮರ್ ಬೈತಖೋಲ್ ಬಂದರಿನಲ್ಲಿ ಟ್ರಾಲರ್ ಬೋಟಿನ ಲೆಕ್ಕ ನೋಡುತ್ತಾನೆ. ಗಿಟಾರಿನವನಿಗೆ ಶಿರಸಿ ಹತ್ತಿರ ಅಡಿಕೆ ತೋಟ. ಹಾಡುಗಾರ ಮಾಸ್ತರಿಕೆ ಮಾಡುತ್ತಾನೆ. ಕೀಬೋರ್ಡಿನವಳು ಮದುವೆಯಾಗಿ ಮಡಗಾಂವಿನಲ್ಲಿದ್ದಾಳೆ. ಎಲ್ಲರೂ ಐವತ್ತರ ಆಚೆ ಈಚೆ.

ನನ್ನ ಮಾತು ಒಂದೇ. ಹೊಸ ಹಾಡನ್ನು ಇಪ್ಪತ್ತೈದು ವರ್ಷದವರಾಗಿದ್ದಾಗಿನ ನಿಮಗೆ ಕಟ್ಟಬೇಡಿ. ಈಗ ಇಪ್ಪತ್ತೈದಾಗಿರುವ ಹುಡುಗರ ಹಾಗೆ ಕೇಳಿಸಲಿ ಎಂದೂ ಕಟ್ಟಬೇಡಿ. ಇವತ್ತು ನಿಮ್ಮ ಬಳಿ ಇರುವ ಗಂಟಲು, ಕೈ ಮತ್ತು ಕಿವಿಗೆ ಕಟ್ಟಿ.

ಮೊದಲು ಗಡುವು ಹಾಕಿ

ದೊಡ್ಡ ಬ್ಯಾಂಡುಗಳೂ ಎಡವುವುದು ಇಲ್ಲೇ. ರೋಲಿಂಗ್ ಸ್ಟೋನ್ಸ್ 2005ರಲ್ಲಿ ಸ್ವಂತ ಹಾಡುಗಳ ಆಲ್ಬಮ್ ತಂದರು. ಅಂಥ ಮುಂದಿನ ಆಲ್ಬಮ್ ಬಂದದ್ದು 2023ರಲ್ಲಿ. ನಡುವೆ 18 ವರ್ಷ. 2016ರಲ್ಲಿ ಒಂದು ಆಲ್ಬಮ್ ಬಂದಿತ್ತು, ಆದರೆ ಅದರಲ್ಲಿ ಇದ್ದದ್ದು ಬೇರೆಯವರ ಹಳೇ ಬ್ಲೂಸ್ ಹಾಡುಗಳು. 2021ರಲ್ಲಿ ಅವರ ಡ್ರಮ್ಮರ್ ಚಾರ್ಲಿ ವಾಟ್ಸ್ ತೀರಿಕೊಂಡರು. ಕೊನೆಗೆ ಮಿಕ್ ಜಾಗರ್ ಒಂದು ದಿನಾಂಕ ಇಟ್ಟರು: ಫೆಬ್ರವರಿ 14ರೊಳಗೆ ಮುಗಿಸಬೇಕು. ಆಮೇಲೆ ಕೆಲಸ ಓಡಿತು. ಗಡುವೇ ಇಲ್ಲದಿದ್ದರೆ ಏನಾಗುತ್ತದೆ ಎಂದು ಗನ್ಸ್ ಎನ್ ರೋಸಸ್ ನೋಡಿದರೆ ಗೊತ್ತಾಗುತ್ತದೆ. 1993ರ ಆಲ್ಬಮ್ಮಿನ ನಂತರದ್ದು ಬಂದದ್ದು 2008ರಲ್ಲಿ. ಅಷ್ಟರೊಳಗೆ ಹಳಬರಲ್ಲಿ ಹಾಡುಗಾರ ಆಕ್ಸಲ್ ರೋಸ್ ಮತ್ತು ಕೀಬೋರ್ಡಿನ ಡಿಝಿ ರೀಡ್ ಬಿಟ್ಟರೆ ಯಾರೂ ಉಳಿದಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಗಡುವನ್ನು ಕೆಲಸದ ಋತು ನೋಡಿ ಹಾಕಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬಂದರಿನವರಿಗೆ ಆಗ ಪುರಸೊತ್ತು. ತೋಟದವರಿಗೆ ಹಾಗಲ್ಲ, ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕಾಲ ಅದು. ಆದರೆ ಮಳೆ ಹಿಡಿದು ಹೊಡೆದರೆ ಔಷಧಿ ಕೆಲಸ ನಿಲ್ಲುತ್ತದೆ. ಅಂಥ ದಿನ ನಮ್ಮ ಗಿಟಾರಿನವನು ದೇವಿಮನೆ ಘಟ್ಟ ಇಳಿದು ಬರುತ್ತಾನೆ. ಘಟ್ಟದಲ್ಲಿ ಮಣ್ಣು ಕುಸಿದರೆ ಅಲ್ಲಿಂದಲೇ ತನ್ನ ಭಾಗ ರೆಕಾರ್ಡ್ ಮಾಡಿ ಕಳಿಸುತ್ತಾನೆ. ಹಾಗಾಗಿ ಹಾಡು ಕಟ್ಟುವುದು ಮಳೆಗಾಲದಲ್ಲಿ, ಜನರ ಮುಂದೆ ನುಡಿಸಿ ನೋಡುವುದು ಚೌತಿಗೆ, ರೆಕಾರ್ಡಿಂಗ್ ನವರಾತ್ರಿ ಕಳೆದ ಮೇಲೆ, ಅಡಿಕೆ ಕೊಯ್ಲು ಜೋರಾಗುವುದರೊಳಗೆ. ಕೊಯ್ಲು ಶುರುವಾದ ಮೇಲೆ ಶಿರಸಿ ಕಡೆಯವರನ್ನು ಕರೆಯಲೇಬೇಡಿ. ನಿಮ್ಮ ಬ್ಯಾಂಡಿನಲ್ಲಿ ಯಾರ ಕೆಲಸ ಏನು ಎಂದು ನೋಡಿ ನಿಮ್ಮದೇ ಲೆಕ್ಕ ಹಾಕಿಕೊಳ್ಳಿ. ಮೂರು ಹಾಡು ಸಾಕು. ಹತ್ತು ಹಾಡಿನ ಆಲ್ಬಮ್ ಎಂದು ಹೊರಟರೆ ಮುಂದಿನ ಮಳೆಗಾಲಕ್ಕೆ ಹೋಗುತ್ತದೆ.

ಗಂಟಲಿಗೆ ತಕ್ಕ ಶ್ರುತಿ

ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಡೀಪ್ ಪರ್ಪಲ್‌ನ ಇಯಾನ್ ಗಿಲನ್ ಅವರ ಕೂಗು ಕೇಳಿ ನಾವೆಲ್ಲ ಬೆಳೆದವರು. ‘ಚೈಲ್ಡ್ ಇನ್ ಟೈಮ್’ ಹಾಡಿನಲ್ಲಿ ಅವರು ಏರುವ ಎತ್ತರ ಎಲ್ಲರಿಗೂ ಗೊತ್ತು. ಅದೇ ಗಿಲನ್ 2002ರ ನಂತರ ಆ ಹಾಡನ್ನು ವೇದಿಕೆಯಲ್ಲಿ ನಿಲ್ಲಿಸಿದರು. ಮೊದಲಿನ ಹಾಗೆ ಹಾಡಲಾಗದಿದ್ದರೆ ಹಾಡಬಾರದು ಎಂಬುದು ಅವರ ನಿಲುವು. ಹಾಗಂತ ಸುಮ್ಮನೆ ಕೂರಲಿಲ್ಲ. ನಿರ್ಮಾಪಕ ಬಾಬ್ ಎಜ್ರಿನ್ ಜೊತೆ 2013ರಿಂದ 2024ರ ಹೊತ್ತಿಗೆ ಬ್ಯಾಂಡು ಐದು ಆಲ್ಬಮ್ ತಂದಿತು. ಒಂದರಲ್ಲಿ ಮಾತ್ರ ಬೇರೆಯವರ ಹಾಡುಗಳು, ಉಳಿದ ನಾಲ್ಕೂ ಹೊಸವು. ಅವುಗಳಲ್ಲಿ ಗಿಲನ್ ಹೆಚ್ಚಾಗಿ ನಡು ದನಿಯಲ್ಲಿ ಹಾಡುತ್ತಾರೆ. ಕೇಳಿ ನೋಡಿ, ಪ್ರತಿ ಮಾತೂ ಸ್ಪಷ್ಟ.

ನಿಮ್ಮ ಹಾಡುಗಾರನ ಶ್ರುತಿ ಹುಡುಕುವುದು ಹೀಗೆ. ಪ್ರಾಕ್ಟೀಸಿನ ಶುರುವಿನಲ್ಲಿ ನೋಡಬೇಡಿ, ಆಗ ಎಲ್ಲರ ಗಂಟಲೂ ಚೆನ್ನಾಗಿರುತ್ತದೆ. ಒಂದು ತಾಸು ಹಾಡಿದ ಮೇಲೆ ನೋಡಿ. ಕೀಬೋರ್ಡಿನಲ್ಲಿ ಒಂದೊಂದೇ ಸ್ವರ ಏರಿಸುತ್ತಾ ಹೋಗಿ. ಬಿಗಿಯದೆ, ಕತ್ತಿನ ನರ ಉಬ್ಬಿಸದೆ ಮೂರು ಸಲ ಸಲೀಸಾಗಿ ಹಾಡಿದ ಕೊನೆಯ ಸ್ವರವನ್ನು ಬರೆದಿಟ್ಟುಕೊಳ್ಳಿ. ಹೊಸ ಹಾಡಿನ ಅತಿ ಎತ್ತರದ ಸ್ವರ ಅದಕ್ಕಿಂತ ಒಂದು ಪೂರ್ಣ ಸ್ವರ ಕೆಳಗಿರಲಿ. ಕಾರ್ಯಕ್ರಮದ ಎರಡನೇ ತಾಸಿನಲ್ಲಿ ಉಳಿಯುವ ಗಂಟಲು ಅದೇ.

ಹಳೇ ಹಾಡುಗಳಿಗೂ ಅರ್ಧ ಸ್ವರ ಇಳಿಸಿಬಿಡಿ. ಮೆಟಾಲಿಕಾ ಎಷ್ಟೋ ವರ್ಷಗಳಿಂದ ವೇದಿಕೆಯಲ್ಲಿ ಗಿಟಾರುಗಳನ್ನು ಅರ್ಧ ಸ್ವರ ಇಳಿಸಿಯೇ ನುಡಿಸುತ್ತಿದ್ದಾರೆ. ತಂತಿ ಇಳಿಸಿದಾಗ ಸಡಿಲಾಗಿ ಕಟಕಟ ಎನ್ನುತ್ತದೆ. ಆಗ ಒಂದು ಸೈಜು ದಪ್ಪ ತಂತಿ ಹಾಕಿ. ಗಿಟಾರಿಗೆ 9ರ ಸೆಟ್ ಇದ್ದರೆ 10ರದ್ದು, ಬೇಸಿಗೆ 45ರ ಬದಲು 50ರದ್ದು. ಕಾರವಾರದ ಉಪ್ಪು ಗಾಳಿಗೆ ಹೊಸ ತಂತಿಯೂ ಬೇಗ ಮಂಕಾಗುತ್ತದೆ. ನುಡಿಸಿದ ಕೂಡಲೇ ಒಣ ಹತ್ತಿ ಬಟ್ಟೆಯಿಂದ ತಂತಿಯ ಕೆಳಗೂ ಮೇಲೂ ಒರೆಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇದೆ, ಚಿಂತೆಯಿಲ್ಲ. ಫೆಸ್ತಿಗೆ ಸ್ಯಾಕ್ಸೋಫೋನಿನವರು ಬಂದು ಸೇರಿಕೊಳ್ಳುವ ರೂಢಿ ನಿಮ್ಮಲ್ಲಿದ್ದರೆ ಅವರಿಗೆ ಮೊದಲೇ ಹೇಳಿ. ಅವರಿಗೆ ವಾದ್ಯ ಇಳಿಸಲು ಆಗುವುದಿಲ್ಲ, ಸ್ವರಗಳನ್ನೇ ಬದಲಿಸಿ ನುಡಿಸಬೇಕಾಗುತ್ತದೆ.

ಹಳೇ ಕ್ಯಾಸೆಟ್ ಪೆಟ್ಟಿಗೆ ತೆಗೆಯಿರಿ

ಹೊಸ ಹಾಡಿಗೆ ಬೀಜ ಬೇಕು. ಅದು ನಿಮ್ಮ ಮನೆಯ ಕಪಾಟಿನಲ್ಲೇ ಇರಬಹುದು. ಎಸಿ/ಡಿಸಿ 2020ರ ನವೆಂಬರಿನಲ್ಲಿ ತಂದ ಆಲ್ಬಮ್ಮಿನ ಕಥೆ ಕೇಳಿ. ಬ್ಯಾಂಡಿನ ಬೆನ್ನೆಲುಬಾಗಿದ್ದ ಮಾಲ್ಕಂ ಯಂಗ್ 2017ರಲ್ಲಿ ತೀರಿಕೊಂಡಿದ್ದರು. ತಮ್ಮ ಆಂಗಸ್ ಹಳೇ ರೆಕಾರ್ಡಿಂಗ್ ತೆಗೆದು, ಅಣ್ಣನ ಜೊತೆ ಕೂತು ಕಟ್ಟಿಟ್ಟಿದ್ದ ತುಣುಕುಗಳನ್ನು ಹುಡುಕಿ ಹಾಡು ಮಾಡಿದರು. ರಿದಂ ಗಿಟಾರ್ ಹಿಡಿದದ್ದು ಅವರ ಇನ್ನೊಬ್ಬ ಅಣ್ಣನ ಮಗ ಸ್ಟೀವಿ ಯಂಗ್. ಆಲ್ಬಮ್ಮಿನ ಎಲ್ಲ ಹಾಡಿಗೂ ಆಂಗಸ್ ಮತ್ತು ಮಾಲ್ಕಂ ಇಬ್ಬರದೂ ಹೆಸರಿದೆ.

ಬೀಟಲ್ಸ್‌ದು ಇನ್ನೂ ದೊಡ್ಡ ಕಥೆ. ಜಾನ್ ಲೆನನ್ 1970ರ ದಶಕದ ಕೊನೆಗೆ ಮನೆಯಲ್ಲಿ ಪಿಯಾನೋ ನುಡಿಸುತ್ತಾ ಹಾಡಿದ್ದ ಒಂದು ಕ್ಯಾಸೆಟ್ ಇತ್ತು. 1995ರಲ್ಲಿ ಉಳಿದ ಮೂವರು ಅದರ ಮೇಲೆ ಕೆಲಸ ಶುರು ಮಾಡಿ ಬಿಟ್ಟರು. ದನಿ ಪಿಯಾನೋದೊಳಗೆ ಮುಳುಗಿತ್ತು, ಜೊತೆಗೆ ಕರೆಂಟಿನ ಗುಂಯ್ ಸದ್ದು. ಮುಂದೆ ದನಿಯನ್ನು ವಾದ್ಯದಿಂದ ಬೇರ್ಪಡಿಸುವ ಕಂಪ್ಯೂಟರ್ ವಿದ್ಯೆ ಬಂತು. 2023ರ ನವೆಂಬರಿನಲ್ಲಿ ಹಾಡು ಹೊರಬಂತು. ಅಷ್ಟರಲ್ಲಿ ಜಾರ್ಜ್ ಹ್ಯಾರಿಸನ್ ಕೂಡ ಇರಲಿಲ್ಲ, 1995ರಲ್ಲಿ ಅವರು ನುಡಿಸಿದ್ದ ಗಿಟಾರನ್ನೇ ಸೇರಿಸಿದರು. ಈಗ ಅಂಥ ಸಾಫ್ಟ್‌ವೇರ್ ನಮ್ಮ ನಿಮ್ಮ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಕರಾವಳಿಯಲ್ಲಿ ಕ್ಯಾಸೆಟ್ಟಿಗೆ ದೊಡ್ಡ ಶತ್ರು ಬೂಷ್ಟು. ಕ್ಯಾಸೆಟ್ಟಿನ ಪುಟ್ಟ ಕಿಟಕಿಯ ಮೂಲಕ ಟೇಪಿನ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಪುಡಿ ಕಂಡರೆ ಡೆಕ್ಕಿಗೆ ಹಾಕಬೇಡಿ, ಬೂಷ್ಟು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಮೊದಲು ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಕೆಲವು ದಿನ ಇಟ್ಟು ಒಣಗಿಸಿ. ಆಮೇಲೆ ಬಾಯಿಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗಡೆ ಕೂತು ಮೆತ್ತಗಿನ ಕುಂಚದಿಂದ ಪುಡಿ ತೆಗೆಯಿರಿ. ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ ಟೇಪನ್ನು ಬೇರೆ ಒಳ್ಳೆಯ ಕವಚಕ್ಕೆ ಹಾಕಬಹುದು. ಪ್ಲೇ ಒತ್ತುವ ಮೊದಲು ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಸುತ್ತಿಸಿ. ಅಂಟಿಕೊಂಡ ಪದರ ಬಿಡುತ್ತದೆ.

ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ. ರಬ್ಬರ್ ಬೆಲ್ಟ್ ನೋಡಿ. ಹಳೇ ಬೆಲ್ಟ್ ಹಿಗ್ಗಿ ವೇಗ ಏರುಪೇರಾಗುತ್ತದೆ, ಹಾಡಿನ ಶ್ರುತಿಯೇ ಬೇರೆ ಕೇಳುತ್ತದೆ. ನನ್ನ ಅಂಗಡಿಗೆ ಬರುವ ಡೆಕ್ಕುಗಳಲ್ಲಿ ಮೋಟಾರು ಸರಿಯಿದ್ದು ಬೆಲ್ಟ್ ಹೋಗಿರುವುದೇ ಜಾಸ್ತಿ. ಡೆಕ್ಕಿನ ಹೊರದಾರಿಯಿಂದ ಆಡಿಯೋ ಇಂಟರ್‌ಫೇಸಿಗೆ (ಸದ್ದನ್ನು ಕಂಪ್ಯೂಟರಿಗೆ ತುಂಬಿಸುವ ಪೆಟ್ಟಿಗೆ) ವೈರ್ ಎಳೆದು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ತುಂಬಿಸಿಕೊಳ್ಳಿ. ಫೈಲಿನ ಹೆಸರಿನಲ್ಲಿ ವರ್ಷ, ಜಾಗ, ಯಾರು ನುಡಿಸಿದ್ದು ಎಂದು ಬರೆಯಿರಿ. ನೆನಪಿರುವವರು ಇರುವಾಗಲೇ ಬರೆಯಿರಿ.

ನಮ್ಮ ಮೊದಲ ಗಿಟಾರಿನವನು ಈಗಿಲ್ಲ. ಸದಾಶಿವಗಡದ ಅವನ ಮನೆಯಲ್ಲಿ ಸಿಕ್ಕ ಕ್ಯಾಸೆಟ್ಟಿನಲ್ಲಿ ಅವನು ಸುಮ್ನೆ ಕೂತು ನುಡಿಸಿದ ಒಂದು ತಿರುವು ಇತ್ತು. ಅದರ ಮೇಲೆ ಹಾಡು ಕಟ್ಟುವ ಮೊದಲು ಅವನ ಹೆಂಡತಿಯ ಹತ್ತಿರ ಹೋದೆವು. ‘ಮಾಡಿ, ಅಡ್ಡಿಲ್ಲ. ಅವರ ಹೆಸರು ಹಾಕಿ. ಊರಿಗೆ ಕೇಳಿಸುವ ಮೊದಲು ನನಗೆ ಕೇಳಿಸಿ’ ಎಂದರು ವೈನಿ. ಎರಡನ್ನೂ ಮಾಡಿದೆವು. ನೀವೂ ಹೀಗೇ ಮಾಡಬೇಕು ಎಂದು ಒತ್ತಿ ಹೇಳುತ್ತೇನೆ. ಇದು ಬರೀ ಮರ್ಯಾದೆಯ ಮಾತಲ್ಲ, ಕಾನೂನಿನ ಮಾತೂ ಹೌದು. ನಮ್ಮ ದೇಶದಲ್ಲಿ ಸಂಗೀತ ಕಟ್ಟಿದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಅದು ಅವರ ವಾರಸುದಾರರಿಗೆ ಸೇರುತ್ತದೆ. ಪಾಲು ಎಷ್ಟು ಎಂದು ಒಂದು ಕಾಗದದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.

ಎಷ್ಟು ಬದಲಾಗಬೇಕು

ಎಲ್ಲಕ್ಕಿಂತ ಜಾಸ್ತಿ ಜಗಳ ಆಗುವುದು ಇಲ್ಲಿ. ಮೆಟಾಲಿಕಾ 2003ರಲ್ಲಿ ತಂದ ಆಲ್ಬಮ್ಮಿನಲ್ಲಿ ಗಿಟಾರ್ ಸೋಲೋಗಳೇ ಇರಲಿಲ್ಲ. ಸ್ನೇರ್ ಡ್ರಮ್ಮಿನ ಸದ್ದು ತಗಡು ಬಡಿದ ಹಾಗಿತ್ತು. ಆ ಕಾಲದ ಹೊಸ ಬ್ಯಾಂಡುಗಳು ಸೋಲೋ ಬಿಟ್ಟಿದ್ದವು, ಇವರೂ ಬಿಟ್ಟರು. ಅವರ ಗಿಟಾರಿನ ಕರ್ಕ್ ಹ್ಯಾಮೆಟ್ ಅಂಥವರ ಕೈಯನ್ನು ಕಟ್ಟಿ ಹಾಕಿದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. 2008ರ ಆಲ್ಬಮ್ಮಿನಲ್ಲಿ ಸೋಲೋ ವಾಪಸ್ ಬಂತು. ಬ್ಲ್ಯಾಕ್ ಸಬ್ಬತ್ 2013ರಲ್ಲಿ ತಮ್ಮ ಮೊದಲ ಹಾಡುಗಾರ ಓಝಿ ಆಸ್ಬರ್ನ್ ಜೊತೆ ಮತ್ತೆ ಆಲ್ಬಮ್ ಮಾಡಲು ಕೂತಾಗ ನಿರ್ಮಾಪಕ ರಿಕ್ ರೂಬಿನ್ ಆ ಬ್ಯಾಂಡಿನದೇ ಮೊದಲ ಆಲ್ಬಮ್ಮನ್ನು ಅವರಿಗೆ ಕೇಳಿಸಿದರು. ಆ ಹೊಸ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. 1970ರ ನಂತರ ಅವರಿಗೆ ಆ ಸ್ಥಾನ ಸಿಕ್ಕಿದ್ದು ಅದೇ ಮೊದಲು.

ಹಾಗಾದರೆ ಏನೂ ಬದಲಿಸಬಾರದಾ? ಬದಲಿಸಬೇಕು. ದೆಹಲಿಯ ಇಂಡಿಯನ್ ಓಷನ್ ನೋಡಿ. 1990ರಿಂದ ಇರುವ ಬ್ಯಾಂಡು. ಅಶೀಮ್ ಚಕ್ರವರ್ತಿ ತಬಲಾ ನುಡಿಸುತ್ತಲೇ ಹಾಡುತ್ತಿದ್ದರು. 2009ರಲ್ಲಿ ಅವರು ತೀರಿಕೊಂಡರು. ಅವರ ಹಾಗೆಯೇ ಮಾಡುವ ಇನ್ನೊಬ್ಬರನ್ನು ಬ್ಯಾಂಡು ಹುಡುಕಲಿಲ್ಲ. ತಬಲಾಕ್ಕೆ ಒಬ್ಬರು, ಹಾಡಿಗೆ ಒಬ್ಬರು ಬಂದರು. ಗಿಟಾರಿನ ಸುಸ್ಮಿತ್ ಸೇನ್ ಕೂಡ 2013ರಲ್ಲಿ ಬಿಟ್ಟರು. ಬ್ಯಾಂಡು 2014ರಲ್ಲಿ ಆಲ್ಬಮ್ ತಂದಿತು, 2023ರಲ್ಲಿ ಮತ್ತೊಂದು. ಜನ ಬದಲಾದರೆ ಹಾಡೂ ಬದಲಾಗುತ್ತದೆ, ಅದು ಸಹಜ. ಇನ್ನೊಬ್ಬರನ್ನು ನೋಡಿ ಬದಲಾಗುವುದು ಬೇರೆ.

ಕೆಲಸಕ್ಕೆ ಬರುವ ಒಂದು ಕ್ರಮ ಹೇಳುತ್ತೇನೆ. ಯಕ್ಷಗಾನದ ಹೊಸ ಪ್ರಸಂಗ ನೋಡಿದ್ದೀರಲ್ಲ? ಕಥೆ ಹೊಸದು, ಪಾತ್ರ ಹೊಸದು. ಆದರೆ ಚೆಂಡೆ ಮದ್ದಳೆ ಅದೇ, ಪಾತ್ರ ರಂಗಕ್ಕೆ ಬರುವ ರೀತಿ ಅದೇ, ಪದ್ಯ ಕೂರುವ ತಾಳವೂ ಗೊತ್ತಿದ್ದದ್ದೇ. ಗೊತ್ತಿರುವ ಬಾಗಿಲಿಂದ ಒಳಗೆ ಬಂದ ಮೇಲೆ ಜನ ಹೊಸ ಕಥೆಗೆ ಕಿವಿ ಕೊಡುತ್ತಾರೆ. ನಿಮ್ಮ ಹೊಸ ಹಾಡಿನ ಮೊದಲ ಎಂಟು ಆವರ್ತನೆಯಲ್ಲಿ ನಿಮ್ಮ ಬ್ಯಾಂಡಿನ ಗುರುತು ಕೇಳಬೇಕು. ನಮ್ಮದು ಬೇಸ್ ಮತ್ತು ಡ್ರಮ್ ಮಾತ್ರ ಶುರು ಮಾಡುವುದು. ಊರಿನವರು ಅದರಿಂದಲೇ ನಮ್ಮನ್ನು ಗುರುತಿಸುತ್ತಾರೆ. ಅದನ್ನು ಇಟ್ಟುಕೊಂಡು ಉಳಿದದ್ದೆಲ್ಲ ಬದಲಿಸಿದೆವು. ಸಾಹಿತ್ಯ ಕನ್ನಡ, ಪಲ್ಲವಿಯ ಕೊನೆಗೆ ಎರಡು ಸಾಲು ಕೊಂಕಣಿ. ಮೊದಲು ಇಂಗ್ಲಿಷ್ ಹಾಡು ಮಾತ್ರ ಹಾಡುತ್ತಿದ್ದ ನಮಗೆ ಇದು ದೊಡ್ಡ ಹೆಜ್ಜೆ. ವಿಷಯವೂ ನಮ್ಮದೇ ವಯಸ್ಸಿನದು: ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಉಳಿಯುವ ಮನೆ.

ಜನರ ಮುಂದೆ, ರೆಕಾರ್ಡಿಂಗಿಗೂ ಮೊದಲು

ದಿ ಕ್ಯೂರ್ ಬ್ಯಾಂಡಿನ 2024ರ ಆಲ್ಬಮ್ 16 ವರ್ಷಗಳ ನಂತರ ಬಂದದ್ದು. ಅದರ ಹಲವು ಹಾಡುಗಳನ್ನು ಅವರು 2022ರ ಪ್ರವಾಸದಲ್ಲೇ ಜನರ ಮುಂದೆ ನುಡಿಸಿದ್ದರು. ಆಲ್ಬಮ್ ಬಂದಾಗ ಬ್ರಿಟನ್ನಿನಲ್ಲಿ ಮೊದಲ ಸ್ಥಾನ. ನಾವೂ ಹೀಗೇ ಮಾಡಬಹುದು, ಖರ್ಚೂ ಇಲ್ಲ.

ಎಲ್ಲಿ ಇಡಬೇಕು ಎಂಬುದು ಮುಖ್ಯ. ಜನರಿಗೆ ಗೊತ್ತಿರುವ ಎರಡು ಹಾಡು ಮುಗಿದ ಮೇಲೆ, ಮೂರನೆಯದಾಗಿ ಇಡಿ. ಮದುವೆಯಲ್ಲಿ ಊಟ ಶುರುವಾಗುವ ಹೊತ್ತಿಗೆ ಬೇಡ. ಕೊನೆಗಂತೂ ಬೇಡವೇ ಬೇಡ. ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ನಿಲ್ಲಿಸಬೇಕು, ಕಾರ್ಯಕ್ರಮ ತಡವಾದರೆ ಕತ್ತರಿ ಬೀಳುವುದು ನಿಮ್ಮ ಹೊಸ ಹಾಡಿಗೇ. ಹಾಡಿಗೆ ಮುಂಚೆ ಎರಡು ವಾಕ್ಯ ಹೇಳಿ: ಯಾರು ಬರೆದದ್ದು, ಯಾವುದರ ಬಗ್ಗೆ. ‘ಸಹಿಸಿಕೊಳ್ಳಿ’ ಎಂದು ಕೇಳಬೇಡಿ. ನಿಮ್ಮ ಹಾಡಿಗೆ ನೀವೇ ಕ್ಷಮೆ ಕೇಳಿದರೆ ಜನ ಯಾಕೆ ಕೇಳಬೇಕು?

ನುಡಿಸುವಾಗ ಬ್ಯಾಂಡಿನವರ ಮನೆಯವರೊಬ್ಬರು ಜನರ ನಡುವೆ ನಿಂತು ನೋಡಲಿ. ಎಲ್ಲಿ ಮೊಬೈಲ್ ತೆಗೆದರು, ಎಲ್ಲಿ ತಲೆ ಆಡಿತು, ಎಲ್ಲಿ ಮಾತು ಶುರುವಾಯಿತು. ನಮ್ಮ ಗಿಟಾರಿನವನ ಆಯಿ ಮುಂದಿನ ಸಾಲಿನಲ್ಲಿ ಕೂತು ಕೇಳಿ, ‘ಚೊಲೋ ಇದ್ದು ತಮಾ, ಆದ್ರೆ ಉದ್ದ ಆತು’ ಎಂದರು. ಎರಡನೇ ಸೋಲೋ ಅರ್ಧಕ್ಕೆ ಇಳಿಯಿತು. ಹಾಡು ಈಗ ಗಟ್ಟಿಯಾಗಿದೆ.

ರೆಕಾರ್ಡಿಂಗ್

ಡ್ರಮ್, ಬೇಸ್, ರಿದಂ ಗಿಟಾರ್ ಮೂರನ್ನೂ ಒಟ್ಟಿಗೆ ನುಡಿಸಿ ತೆಗೆಯಿರಿ. ಇಷ್ಟು ವರ್ಷ ಒಟ್ಟಿಗೆ ನುಡಿಸಿದವರ ನಡುವೆ ಒಂದು ಎಳೆತ ಸೆಳೆತ ಇರುತ್ತದೆ, ಅದು ಒಬ್ಬೊಬ್ಬರೇ ನುಡಿಸಿದರೆ ಸಿಗುವುದಿಲ್ಲ. ಹಾಡುಗಾರನ ದನಿಯನ್ನು ಆಮೇಲೆ ರೆಕಾರ್ಡ್ ಮಾಡಬಹುದು. ತಗಡಿನ ಮಾಡು ಇರುವ ಕೋಣೆ ಬೇಡ. ಗೋಡೆಗೆ ಹಳೇ ಗಾದಿ, ಕಂಬಳಿ ಸಾಕು. ಸ್ಪೀಕರಿನಲ್ಲಿ ಗುಂಯ್ ಎಂದರೆ ಮೊದಲು ಅರ್ಥಿಂಗ್ ನೋಡಿಸಿ, ಎಲ್ಲ ಯಂತ್ರಕ್ಕೂ ಒಂದೇ ಸಾಕೆಟ್ಟಿನಿಂದ ಕರೆಂಟ್ ಕೊಡಿ.

ಮಿಕ್ಸಿಂಗ್ ಮಾಡುವವರು ಹಾಡನ್ನು ಜೋರು ಮಾಡುತ್ತೇನೆ ಎಂದರೆ ತಡೆಯಿರಿ. ಮೆಟಾಲಿಕಾದ ಆ 2008ರ ಆಲ್ಬಮ್ಮನ್ನು ಎಷ್ಟು ಜೋರು ಮಾಡಿದ್ದರೆಂದರೆ ಸದ್ದು ಸೀಳಿತ್ತು. ಅದೇ ಹಾಡುಗಳು ಒಂದು ವಿಡಿಯೋ ಗೇಮಿನಲ್ಲಿ ಇನ್ನೂ ಚೆನ್ನಾಗಿ ಕೇಳುತ್ತವೆ ಎಂದು ಅಭಿಮಾನಿಗಳೇ ತೋರಿಸಿಕೊಟ್ಟರು. ಈಗ ಸ್ಪಾಟಿಫೈ ಎಲ್ಲರ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದು ಎಷ್ಟು ಜೋರು ಎಂದು ಅಳೆಯುವ ಮಾನ) ಸುತ್ತ ತಂದು ಕೇಳಿಸುತ್ತದೆ. ಜೋರು ಮಾಡಿ ಲಾಭವಿಲ್ಲ.

ಕಿವಿಯ ಬಗ್ಗೆ ಒಂದು ಮಾತು. ಎಸಿ/ಡಿಸಿಯ ಹಾಡುಗಾರ ಬ್ರಯನ್ ಜಾನ್ಸನ್ 2016ರಲ್ಲಿ ಕಿವಿಯ ತೊಂದರೆಯಿಂದ ಪ್ರವಾಸದ ನಡುವೆಯೇ ನಿಲ್ಲಬೇಕಾಯಿತು. ಪ್ರಾಕ್ಟೀಸಿಗೂ ಇಯರ್‌ಪ್ಲಗ್ ಹಾಕಿ. ಕೈಗೆ ತೊಂದರೆ ಬಂದವರನ್ನು ಬಿಡಬೇಡಿ. ಜೂಡಸ್ ಪ್ರೀಸ್ಟ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುವ ಗ್ಲೆನ್ ಟಿಪ್ಟನ್ ತಮಗೆ ಪಾರ್ಕಿನ್ಸನ್ ಇದೆ ಎಂದು 2018ರಲ್ಲಿ ತಿಳಿಸಿದರು. ಪ್ರವಾಸದಲ್ಲಿ ಅವರ ಭಾಗ ಬೇರೆಯವರು ನುಡಿಸಿದರು. 2024ರ ಆಲ್ಬಮ್ಮಿನಲ್ಲೂ ಹಾಡು ಕಟ್ಟಿದವರ ಸಾಲಿನಲ್ಲಿ ಟಿಪ್ಟನ್ ಹೆಸರಿದೆ.

ಹೊರಗೆ ಬಿಡುವುದು

ಯೂ2 ಬ್ಯಾಂಡಿನವರು 2014ರ ಸೆಪ್ಟೆಂಬರಿನಲ್ಲಿ ತಮ್ಮ ಹೊಸ ಆಲ್ಬಮ್ಮನ್ನು ಆ್ಯಪಲ್ ಮೂಲಕ ಕೋಟಿಗಟ್ಟಲೆ ಐಟ್ಯೂನ್ಸ್ ಖಾತೆಗಳಿಗೆ ಪುಕ್ಕಟೆ ಹಾಕಿಸಿದರು. ಕೇಳದೆ ಬಂದ ಹಾಡಿಗೆ ಜನ ಸಿಟ್ಟಾದರು. ಅದನ್ನು ತೆಗೆದುಹಾಕಲು ಆ್ಯಪಲ್ ಬೇರೆ ಪುಟವನ್ನೇ ಮಾಡಬೇಕಾಯಿತು. ನಾವು ಹತ್ತಾರು ವಾಟ್ಸಾಪ್ ಗುಂಪಿಗೆ ಹಾಡನ್ನು ತಳ್ಳಿದರೂ ಅದೇ ಆಗುತ್ತದೆ. ಕಾರ್ಯಕ್ರಮದಲ್ಲಿ ‘ಹಾಡು ಎಲ್ಲಿ ಸಿಗುತ್ತದೆ’ ಎಂದು ಕೇಳಿದವರ ನಂಬರು ಬರೆದುಕೊಳ್ಳಿ, ಅವರಿಗೆ ಕಳಿಸಿ. ಒಂದೊಂದೇ ಹಾಡು ಬಿಡಿ. ಇಂಡಿಯನ್ ಓಷನ್ 2010ರಲ್ಲಿ ಒಂದು ಆಲ್ಬಮ್ಮನ್ನು ತಿಂಗಳಿಗೊಂದು ಹಾಡಿನಂತೆ ಪುಕ್ಕಟೆ ಕೊಟ್ಟಿತ್ತು. ಆ ಕ್ರಮ ಸಣ್ಣ ಊರಿನ ಬ್ಯಾಂಡಿಗೆ ಚೆನ್ನಾಗಿ ಒಗ್ಗುತ್ತದೆ.

ಬಿಡುವ ಮೊದಲು ಸಾಹಿತ್ಯ ಬರೆದವರು ಮತ್ತು ಸಂಗೀತ ಕಟ್ಟಿದವರು ಐಪಿಆರ್‌ಎಸ್ (ಹಾಡು ಬರೆದವರ, ಕಟ್ಟಿದವರ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆ) ಸದಸ್ಯರಾಗಿ ಹಾಡನ್ನು ನೋಂದಾಯಿಸಿ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ರಾಯಲ್ಟಿಯಲ್ಲಿ ಅವರ ಪಾಲನ್ನು ಬರೆಸಿಕೊಂಡು ಕಿತ್ತುಕೊಳ್ಳುವ ಹಾಗಿಲ್ಲ. ವಾರಸುದಾರರ ಹೆಸರು ಬೇಕಿದ್ದರೆ ಅದನ್ನೂ ಆಗಲೇ ಸೇರಿಸಿ, ಆಮೇಲೆ ಓಡಾಟ ಜಾಸ್ತಿ.

ಹಾಡನ್ನು ಒಂದು ಸೀಸನ್ ಪೂರ್ತಿ ಪಟ್ಟಿಯಿಂದ ತೆಗೆಯಬೇಡಿ. ಚೌತಿಯಿಂದ ಮುಂದಿನ ಮೇ ತಿಂಗಳ ಮದುವೆಗಳವರೆಗೆ ಅದೇ ಮೂರನೇ ಜಾಗದಲ್ಲಿ ನುಡಿಸಿ. ಅಷ್ಟರೊಳಗೆ ಯಾರಾದರೂ ಚೀಟಿ ಬರೆದು ಆ ಹಾಡು ಕೇಳಿದರೆ ಅದನ್ನು ಕೊನೆಯ ಹಾಡುಗಳ ಸಾಲಿಗೆ ತನ್ನಿ, ಮೂರನೇ ಜಾಗವನ್ನು ಎರಡನೇ ಹೊಸ ಹಾಡಿಗೆ ಕೊಡಿ. ಯಾರೂ ಕೇಳದಿದ್ದರೆ ಜೂನ್ ತಿಂಗಳಲ್ಲಿ, ದೋಣಿ ದಡಕ್ಕೆ ಬಂದ ಮೇಲೆ, ಹಾಡನ್ನು ಬಿಚ್ಚಿ ಮತ್ತೆ ಕೂತು ಕಟ್ಟಿ.